ಗೋಲು ತಪ್ಪಿದ ಮೇಲೆ

ಶನಿವಾರ ಸಂಜೆ ಜಪಾನಿನ ಇಚಿಕಾವಾ ಊರಿನ ನಮ್ಮ ಮನೆಯ ಬಚ್ಚಲಲ್ಲಿ ಕುಳಿತು ಮೊಮ್ಮಗಳು ಇಳಾಳ ಉದ್ದನೆಯ ಕಾಲುಚೀಲ ಒಗೆಯುವುದು ನನ್ನ ಕೆಲಸ. ಮೆಷಿನ್ನಿಗೆ ಹಾಕಿದರೆ ನದೀದಂಡೆಯ ಮೈದಾನದ ಮಣ್ಣೆಲ್ಲ ಅದರೊಳಗೆ ಸೇರಿಕೊಳ್ಳುತ್ತದೆಂದು ಮಗಳು ಸುಧಾ ಗೊಣಗುತ್ತಾಳೆ. ನನಗೋ ಆ ಮಣ್ಣು ನೀರಿನಲ್ಲಿ ಬಿಟ್ಟುಕೊಂಡು ಹರಿದುಹೋಗುವುದನ್ನು ನೋಡುವುದೇ ಒಂದು ಸಮಾಧಾನ. ಮಕ್ಕಳೇ, ನಾನು ಓದಿದ ಹಳ್ಳಿಯ ಶಾಲೆಯಲ್ಲಿ ಆಟದ ಪೀರಿಯಡ್ಡು ಎಂದರೆ ಹುಡುಗರಿಗೆ ಚೆಂಡು, ಹುಡುಗಿಯರಿಗೆ ಬೇವಿನ ಮರದ ನೆರಳು. ಅಂಥ ನಾನು ಒಬ್ಬ ಫುಟ್‌ಬಾಲ್ ಆಟಗಾರನ ಬಗ್ಗೆ ಬರೆಯಲು ಕುಳಿತಿದ್ದೇನೆಂದರೆ, ನಿಮ್ಮ ತಾತ ಇದ್ದಿದ್ದರೆ ಕನ್ನಡಕದ ಮೇಲಿನಿಂದ ನೋಡಿ ನಗುತ್ತಿದ್ದರು. ಮೈಸೂರಿನಲ್ಲಿರುವ ನೀವಿಬ್ಬರೂ ನಗಬಹುದು. ಇಳಾ ಮಾತ್ರ ಓದುವಾಗ ನಾಚಿಕೊಳ್ಳುತ್ತಾಳೆ, ಏಕೆಂದರೆ ಇದರಲ್ಲಿ ಅವಳೂ ಬರುತ್ತಾಳೆ.

ಅವಳಿಗೆ ಆಟ ಕಲಿಸುವವರು ಹೋಲ್ಗರ್ ಎಂಬ ಜರ್ಮನ್ ಮನುಷ್ಯ. ಬಾಗಿಲಿಗೆ ತಲೆ ತಗ್ಗಿಸಿ ಬರುವಷ್ಟು ಎತ್ತರ, ನರೆತ ಕೂದಲು, ಮಡಚಲು ಬಾರದ ಒಂದು ಮಂಡಿ. ಆ ಮಂಡಿಯ ದೆಸೆಯಿಂದ ಅವರು ಮೈದಾನದ ಅಂಚಿನಲ್ಲಿ ಬೋರಲು ಹಾಕಿದ ಪ್ಲಾಸ್ಟಿಕ್ ಕ್ರೇಟಿನ ಮೇಲೆ ಕುಳಿತೇ ಕಲಿಸುತ್ತಾರೆ. ಒಂದು ಕಾಲಕ್ಕೆ ಅವರು ತಮ್ಮ ದೇಶದಲ್ಲಿ ಹೆಸರಾದ ಸ್ಟ್ರೈಕರ್ ಆಗಿದ್ದರಂತೆ. ಅಂದರೆ ಗೋಲು ಹೊಡೆಯುವುದೇ ಕೆಲಸವಾದ ಆಟಗಾರ. ಬಸ್ ಡ್ರೈವರನ ಮಗ, ಊರಿನ ಕ್ಲಬ್ಬಿನಲ್ಲೇ ಬೆಳೆದು ಊರಿನ ಕಣ್ಮಣಿಯಾದವರು. ಆಡುವ ಪ್ರಾಯ ಮುಗಿಯುತ್ತ ಬಂದಾಗ ಜಪಾನಿನ ಒಂದು ಸಣ್ಣ ಕ್ಲಬ್ಬಿಗೆ ಬಂದರು, ಕೊನೆಯ ಪಂದ್ಯ ಆಡಿದ ಮೇಲೂ ಇಲ್ಲೇ ಉಳಿದರು. ಊರಿಗೆ ಮರಳಿ ಟೀವಿಯಲ್ಲಿ ಮಾತಾಡುತ್ತ ಸುಖವಾಗಿರಬಹುದಿತ್ತು. ಅದನ್ನು ಬಿಟ್ಟು, ಮೂಗು ಸೋರುವ ಮಕ್ಕಳ ಶೂ ದಾರ ಕಟ್ಟುವ ಕೆಲಸವನ್ನು ಆರಿಸಿಕೊಂಡರು.

ಪ್ರತಿ ವರ್ಷ ತರಬೇತಿ ಶುರುವಾಗುವ ದಿನ ಅವರು ಮಕ್ಕಳನ್ನೂ ಮನೆಯವರನ್ನೂ ಕೂರಿಸಿ ಒಂದು ಹಳೆಯ ವೀಡಿಯೊ ತೋರಿಸುತ್ತಾರೆ. ಗೋಲುಗಳ ಮೆರವಣಿಗೆಯನ್ನೇ ತೋರಿಸುತ್ತಾರೆಂದು ನಾನೂ ಹಿಂದಿನ ಬೆಂಚಿನಲ್ಲಿ ಸೆರಗು ಹೊದ್ದು ಕುಳಿತೆ. ಗೋಲು ಬರಲೇ ಇಲ್ಲ. ಎದುರಿಗೆ ತಡೆಯುವವರು ಯಾರೂ ಇಲ್ಲ, ಬಾಯಿ ತೆರೆದ ಗೋಲು, ಮಗುವಾದರೂ ಒಳಗೆ ತಳ್ಳಬಹುದಾದ ಚೆಂಡು; ಪಡ್ಡೆ ವಯಸ್ಸಿನ ಹೋಲ್ಗರ್ ಅದನ್ನು ಆಕಾಶಕ್ಕೆ ಒದ್ದರು. ಮಕ್ಕಳೆಲ್ಲ ಗೊಳ್ಳೆಂದು ನಕ್ಕರು, ಅವರೂ ನಕ್ಕರು. ಆಮೇಲೆ ಅವರು ಹೇಳಿದ್ದನ್ನು ಇಳಾ ನನ್ನ ಕಿವಿಯಲ್ಲಿ ಕನ್ನಡಕ್ಕೆ ತಿರುಗಿಸಿದಳು: "ಈಗ ಬಾಲ್ ನೋಡ್ಬೇಡಿ, ನನ್ನನ್ನ ನೋಡಿ ಅಂತಿದಾರೆ ಅಜ್ಜಿ."

ನೋಡಿದೆ. ಅವರು ಮುಖ ಮುಚ್ಚಿಕೊಂಡು ಹುಲ್ಲಿನ ಮೇಲೆ ಬಿದ್ದಿದ್ದರು. ಎದುರು ತಂಡದವರು ಚೆಂಡು ತೆಗೆದುಕೊಂಡು ಈ ತುದಿಗೆ ಓಡಿ ಬಂದರು, ಗೋಲು ಹೊಡೆದರು, ಕುಣಿದರು. ಪರದೆಯ ಮೂಲೆಯಲ್ಲಿ ಚುಕ್ಕಿಯಂತೆ ಅವರು ಇನ್ನೂ ಬಿದ್ದೇ ಇದ್ದರು. ಆ ಪಂದ್ಯ ಸೋತು ಅವರ ಕ್ಲಬ್ಬು ಕೆಳಗಿನ ದರ್ಜೆಗೆ ಇಳಿಯಿತು. ಬ್ರೆಡ್ಡಿನ ಅಂಗಡಿಯ ಹೆಂಗಸು ಮಾತಿಲ್ಲದೆ ಬ್ರೆಡ್ಡು ಕೊಡತೊಡಗಿದಳಂತೆ. ಊರಿನವರು ಇಂದಿಗೂ ತಪ್ಪಿದ ಆ ಗೋಲಿಗಾಗಿ ಅವರನ್ನು ಬೈಯುತ್ತಾರೆ. ಅದು ಯಾರಿಗಾದರೂ ತಪ್ಪಬಹುದು, ನನ್ನ ತಪ್ಪು ಬಿದ್ದುಕೊಂಡೇ ಇದ್ದದ್ದು ಎಂದರು ಹೋಲ್ಗರ್. ತನ್ನ ಸೋಲನ್ನು ವರ್ಷವರ್ಷವೂ ಪೆಟ್ಟಿಗೆಯಿಂದ ತೆಗೆದು, ಧೂಳು ಒರೆಸಿ, ಮಕ್ಕಳ ಕೈಗೆ ಆಟದ ಸಾಮಾನಿನಂತೆ ಕೊಡುವ ದೊಡ್ಡತನವನ್ನು ನಾನು ಬೇರೆಲ್ಲೂ ಕಂಡಿಲ್ಲ. ನಿಮ್ಮ ತಾತ ತೀರಿಕೊಂಡ ವರ್ಷ ಗೋಡೆಯ ಕಡೆಗೆ ಮುಖ ಮಾಡಿ ಮಲಗಿರುತ್ತಿದ್ದ ನನಗೆ ಆ ಮಾತು ಎಲ್ಲಿ ನಾಟಿತೋ ಬಿಡಿಸಿ ಹೇಳಲಾರೆ.

ಬೇಸಿಗೆ ಕಾಲಿಡುವ ಹೊತ್ತಿಗೆ ಇಳಾಳ ಸರದಿ ಬಂತು. ದೊಡ್ಡ ಪಂದ್ಯದ ಕೊನೆಯಲ್ಲಿ ಪೆನಾಲ್ಟಿ ಸಿಕ್ಕಿತು, ಇವಳು ಒದ್ದ ಚೆಂಡು ಗೋಲಿನ ಮೇಲೆ ಹಾರಿಹೋಯಿತು, ತಂಡ ಸೋತಿತು. ಇಲ್ಲಿ ಆಟ ಮುಗಿದ ಮೇಲೆ ಮಕ್ಕಳು ಸಾಲಾಗಿ ನಿಂತು ಮೈದಾನಕ್ಕೂ ನೋಡಲು ಬಂದವರಿಗೂ ಬಾಗಿ ನಮಸ್ಕರಿಸುತ್ತಾರೆ. ಬಾಗಿದ ಇಳಾ ಎಲ್ಲರೊಡನೆ ತಲೆ ಎತ್ತಲಿಲ್ಲ. ಮುಂದಿನ ಶನಿವಾರ ಅಭ್ಯಾಸಕ್ಕೆ ಹೊರಡಲಿಲ್ಲ. "ಮೋ ಈ" ಎಂದಳು. ಸಾಕಾಯಿತು ಎನ್ನುವುದಕ್ಕೆ ಇಲ್ಲಿಯ ಮಾತು. ಅದರ ಮುಂದಿನ ವಾರವೂ ಅದೇ. ಬಿಟ್ಟೇಬಿಡುತ್ತಾಳೇನೋ ಎಂದು ಸುಧಾಳಿಗೆ ದಿಗಿಲು. ಕೋಚ್ ಫೋನು ಮಾಡಿದರೂ ಬಲವಂತ ಮಾಡಲಿಲ್ಲ, ಅವಳ ಅಂಗಿ ಮೈದಾನದ ಗೂಟದಲ್ಲೇ ತೂಗುತ್ತಿರುತ್ತದೆ ಎಂದಷ್ಟೇ ಹೇಳಿದರು.

ನನಗೆ ತೋಚಿದ್ದು ಒಂದೇ. ಕಂಡವರೆಲ್ಲ ಹೊಗಳಿ ಹೊಗಳಿ ಮಗುವಿಗೆ ದೃಷ್ಟಿಯಾಗಿದೆ. ಒಂದು ಮಧ್ಯಾಹ್ನ ಸುಧಾ ತಾನು ಕೆಲಸ ಮಾಡುವ ಲ್ಯಾಬಿಗೆ ಹೋಗಿದ್ದಾಗ ಇಳಾಳನ್ನು ಕೂರಿಸಿ, ಉಪ್ಪು ಮೆಣಸಿನಕಾಯಿ ನಿವಾಳಿಸಿದೆ. ಹಾಕಲು ಕೆಂಡವೆಲ್ಲಿದೆ? ಕಾದ ಕಾವಲಿಯ ಮೇಲೆ ಸುರಿದೆ. ಘಾಟು ಎದ್ದಿತು. ಸೂರಿನಲ್ಲಿದ್ದ ಯಂತ್ರವೊಂದು ಕಿರುಚಿ, ಬೆಂಕಿ ಬಿದ್ದಿದೆ, ಬೆಂಕಿ ಬಿದ್ದಿದೆ ಎಂದು ಹೆಂಗಸಿನ ಸ್ವರದಲ್ಲಿ ಸಾರತೊಡಗಿತು. ಕೆಳಗಿನ ಮನೆಯ ಮೋರಿತಾ ಸಾನ್, ನಮ್ಮಲ್ಲಾದರೆ ಮೋರಿತಾ ಅವರು, ಏಪ್ರನ್ನಿನಲ್ಲೇ ಓಡಿಬಂದರು, ಅವರ ಬೆನ್ನಿಗೆ ಅರ್ಧ ಕಟ್ಟಡವೇ ಬಂತು. ನನಗೆ ಆಡಲು ಬರುವುದು, ಕ್ಷಮಿಸಿ ಎನ್ನುವ 'ಸುಮಿಮಾಸೆನ್' ಒಂದೇ, ಅದೂ ಕೆಮ್ಮಿನಲ್ಲಿ ಮುಳುಗಿತು. ಎರಡು ವಾರ ಯಾರೊಡನೆಯೂ ಸರಿಯಾಗಿ ಮಾತಾಡದ ಇಳಾ ಬಾಗಿಲಲ್ಲಿ ನಿಂತು, ಒಬ್ಬೊಬ್ಬರಿಗೂ ಬಾಗಿ ಬಾಗಿ, ತಾನು ಒದ್ದ ಪೆನಾಲ್ಟಿ ತಪ್ಪಿದ್ದನ್ನೂ ಅಜ್ಜಿ ಅದಕ್ಕೆ ಮದ್ದು ಮಾಡುತ್ತಿದ್ದುದನ್ನೂ ವಿವರಿಸಬೇಕಾಯಿತು. ಮೋರಿತಾ ಸಾನ್ ಕಣ್ಣೊರೆಸಿಕೊಂಡು, ಇಷ್ಟು ಖಾರದ ಮದ್ದು ಕೆಲಸ ಮಾಡದೆ ಇರುತ್ತದೆಯೇ ಎಂದರಂತೆ.

ನನಗೆ ಭೂಮಿ ಬಾಯ್ಬಿಡಬಾರದೇ ಎನ್ನಿಸಿತು. ಕೋಣೆಗೆ ಹೋಗಿ ಹೊದ್ದು ಮಲಗಿದೆ. ಸುಧಾ ಬಂದು ಊಟಕ್ಕೆ ಕರೆದರೂ ಏಳಲಿಲ್ಲ; ಇನ್ನು ಆ ಮೆಟ್ಟಿಲು ಇಳಿದು ಯಾರಿಗೆ ಮುಖ ತೋರಿಸಲಿ? ಆಗ ಇಳಾ ಬಂದು ಹಾಸಿಗೆಯ ಅಂಚಿನಲ್ಲಿ ಕುಳಿತಳು.

"ಅಜ್ಜಿ, ಎದ್ದೇಳು."

ನಾನು ಹೊದಿಕೆಯನ್ನು ತಲೆಯ ಮೇಲಕ್ಕೆ ಎಳೆದುಕೊಂಡೆ.

"ಕೋಚ್ ವೀಡಿಯೊ ನೋಡಿದ್ಯಲ್ಲ. ಈಗ ನೀನೂ ಸೇಮ್ ಹಂಗೇ ಬಿದ್ಕೊಂಡಿದೀಯ."

ಹೊದಿಕೆ ಸರಿಸಿ ನೋಡಿದೆ. ತನ್ನ ಬಾಯಿಂದ ಬಂದ ಮಾತು ತನ್ನನ್ನೇ ನೋಡುತ್ತಿರುವಂತೆ ಕುಳಿತಿದ್ದಳು. "ನಾನು ಎದ್ರೆ ನೀನೂ ಏಳ್ತೀಯೇನೇ?" ಎಂದೆ. "ಅನ್‌ಫೇರ್ ಅಜ್ಜಿ" ಎಂದಳು. ಆದರೂ ಕೈ ಹಿಡಿದು ಎಬ್ಬಿಸಿದಳು. ಮರುದಿನ ನಾನು ಚಕ್ಕುಲಿ ಕಟ್ಟಿಕೊಂಡು ಮೋರಿತಾ ಸಾನ್ ಮನೆಗೆ ಇಳಿದೆ, ಶನಿವಾರ ಅವಳು ಮೈದಾನಕ್ಕೆ ಹೋದಳು. ಕೋಚ್ ಏನೂ ಕೇಳದೆ ಅಂಗಿಯನ್ನು ಗೂಟದಿಂದ ತೆಗೆದುಕೊಟ್ಟರಂತೆ. ಮೆಣಸಿನಕಾಯಿಯ ಕಥೆ ಕೇಳಿದ ಮೇಲೆ ಮಾತ್ರ ಮಂಡಿ ತಟ್ಟಿಕೊಂಡು ನಕ್ಕು, ಆವತ್ತು ನನಗೂ ಒಬ್ಬ ಅಜ್ಜಿ ಇರಬೇಕಿತ್ತು ಎಂದರಂತೆ.

ಮೊನ್ನೆ ಅವಳ ತಂಡಕ್ಕೆ ಮತ್ತೆ ಪೆನಾಲ್ಟಿ ಸಿಕ್ಕಿತು. ಯಾರು ಒದೆಯುತ್ತೀರಿ ಎಂದು ಕ್ರೇಟಿನ ಮೇಲಿನಿಂದಲೇ ಕೋಚ್ ಕೇಳಿದರು. ಇಳಾ ಕೈ ಎತ್ತಿದಳು. ಒದೆತ ಚೆನ್ನಾಗಿಯೇ ಇತ್ತು, ಗೋಲು ಕಾಯುವ ಹುಡುಗಿ ಅದಕ್ಕಿಂತ ಚೆನ್ನಾಗಿದ್ದಳು. ಹಾರಿ ಚೆಂಡನ್ನು ಹಿಡಿದು, ದೂರಕ್ಕೆ ಎಸೆದುಬಿಟ್ಟಳು. ಮಗು ಹೇಗಿದ್ದಾಳೋ ಎಂದು ಒದ್ದ ಜಾಗದ ಕಡೆಗೆ ನೋಡಿದೆ. ಅಲ್ಲಿ ಯಾರೂ ಇರಲಿಲ್ಲ. ಹುಡುಕಿದರೆ, ಇಳಾ ಆಗಲೇ ಅರ್ಧ ಮೈದಾನ ದಾಟಿ, ಜಡೆ ಹಾರಿಸಿಕೊಂಡು, ಆ ಚೆಂಡಿನ ಹಿಂದೆ ಓಡುತ್ತಿದ್ದಳು.