ಕೊನೆಯ ಡೇಗೆಮರಿ ಹಾರಿದ ದಿನ

ಕೊಡಗು ಪ್ರತ್ಯೇಕ ರಾಜ್ಯವಾಗಿದ್ದ ಕಾಲ. ಕೆಲಸಕ್ಕೆಂದು ಮೈಸೂರಿನಿಂದ ಮಡಿಕೇರಿಗೆ ಬಂದ ಹೊಸತರಲ್ಲಿ ನನಗೆ ಮಾತನಾಡಲು ಯಾರೂ ಇರಲಿಲ್ಲ. ಕೋಣೆಯ ಕಿಟಕಿಗೆ ಎದುರಾಗಿ, ಗಡಿಯಾರ ಗೋಪುರದ ಅಂಚಿನಲ್ಲಿ ಬೇಟೆಹಕ್ಕಿ ಡೇಗೆಯ ಮೂರು ಮರಿಗಳಿದ್ದವು. ಎರಡು ಹಾರಿಹೋದವು. ಮೂರನೆಯದು ರೆಕ್ಕೆ ಬಡಿದು ಬಡಿದು ಮತ್ತೆ ಗೋಡೆಗೆ ಒತ್ತಿ ಕುಳಿತುಬಿಡುತ್ತಿತ್ತು. ಅದು ಹಾರುವುದನ್ನು ಕಂಡು ಯಾರಿಗಾದರೂ ಹೇಳಬೇಕೆಂಬುದೊಂದೇ ನನಗಿದ್ದ ಆಸೆ.

ಅಂದು ಭಾನುವಾರ. ದಿನಚರಿಯಲ್ಲಿ ಸೋಮವಾರವೆಂದಿದೆ; ಆದರೆ ಕಚೇರಿಗೆ ರಜೆಯಿದ್ದುದು ಖಚಿತವಾದ್ದರಿಂದ ದಿನಚರಿಯೇ ತಪ್ಪು. ಪಕ್ಕದ ಬೀದಿಯಲ್ಲಿ ಒಂದರ ಹಿಂದೊಂದು ಎರಡು ಗುಂಡು ಹಾರಿದವು. ಬೆಚ್ಚಿದ ಮರಿ ಅಂಚಿನಿಂದ ಜಾರಿತು. ಬಿದ್ದೇಬಿಟ್ಟಿತು ಎನ್ನುವಷ್ಟರಲ್ಲಿ ರೆಕ್ಕೆ ಬಿಚ್ಚಿ ಹೆಂಚಿನ ಮಾಡುಗಳ ಮೇಲೆ ತೇಲಿತು.

ನಾನು ಮೆಟ್ಟಿಲಿಳಿದು ಓಡಿ, ಕೆಳಗಿನ ಮನೆಯೊಡತಿಗೆ ಕೂಗಿ ಹೇಳಿದೆ: "ಅಕ್ಕಾ, ಹಾರಿತು! ಗುಂಡು ಹೊಡೆದವರಿಗೆ ಕೈ ಮುಗಿಯಬೇಕು!"

ಆಕೆ ಚಪ್ಪಲಿ ಮೆಟ್ಟುತ್ತಿದ್ದರು. "ಎಂಥ ಮಾರಾಯ, ಕುಣೀತಿದ್ದೀಯಲ್ಲ! ಜೋಡಿ ಗುಂಡು ಅಂದ್ರೆ ಸಾವು. ಗಂಡು ಹುಟ್ಟಿದ್ರೆ ಒಂದೇ ಹೊಡೆಯೋದು."

ಬೀದಿಯವರೆಲ್ಲ ಆಕೆಯ ಜೊತೆ ಸಾವಿನ ಮನೆಯತ್ತ ನಡೆದರು. ಸತ್ತವರ ಪರಿಚಯವಿಲ್ಲದ ನಾನು ಜಗಲಿಯಲ್ಲೇ ನಿಂತೆ. ಹಾರಿದ ಮರಿಯ ಸುದ್ದಿ ಕೇಳಲು ಅಲ್ಲಿ ಯಾರೂ ಉಳಿದಿರಲಿಲ್ಲ.