ಎಳನೀರು ಸ್ಟ್ರಾದ ತಕ್ಕಡಿ

ಸೊಟ್ಟಗಿರುವುದನ್ನು ಕಂಡರೆ ನನಗೆ ಆಗುವುದಿಲ್ಲ. ಯಾರದೋ ಮನೆಗೆ ಹೋದಾಗ ಗೋಡೆಯ ಕ್ಯಾಲೆಂಡರ್ ವಾಲಿದ್ದರೆ ಎದ್ದು ಸರಿಮಾಡಿ ಬಂದು ಕೂರುತ್ತೇನೆ. ಹೋಟೆಲಿನಲ್ಲಿ ಟೇಬಲ್ ಅಲುಗಾಡಿದರೆ ಕಾಲಿನ ಕೆಳಗೆ ಕಾಗದ ಮಡಚಿ ಇಟ್ಟ ಮೇಲೆಯೇ ಕಾಫಿ ಕುಡಿಯುವುದು. ಭದ್ರಾವತಿಯ ಕಾಗದದ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷದ ಮೇಲೆ ಫಿಟ್ಟರ್ ಆಗಿದ್ದವನ ಕೈ ಇದು. ಹೆಂಡತಿ ಇದನ್ನು ರೋಗ ಎನ್ನುತ್ತಾಳೆ. ನಾನು ಬಹಳ ಕಾಲ ಕಸುಬು ಎಂದು ಜಂಬಪಟ್ಟುಕೊಂಡಿದ್ದೆ.

ಮಗಳು ಹತ್ತನೇ ಕ್ಲಾಸಿಗೆ ಬರುವ ಹೊತ್ತಿಗೆ ಕಾರ್ಖಾನೆ ನಿಂತಿತ್ತು. ಕಾಗದನಗರದ ಕ್ವಾರ್ಟರ್ಸಿನಲ್ಲಿ ನಾವೊಂದಿಷ್ಟು ಗಂಡಸರು ಬೆಳಿಗ್ಗೆ ಎದ್ದು ಅಭ್ಯಾಸಬಲದಿಂದ ಶೇವ್ ಮಾಡಿಕೊಂಡು, ಎಲ್ಲಿಗೂ ಹೋಗುವುದಿಲ್ಲವೆಂದು ನೆನಪಾಗಿ ಜಗಲಿಯಲ್ಲಿ ಕೂರುತ್ತಿದ್ದೆವು. ಅಂಥ ಹೊತ್ತಿನಲ್ಲಿ ಶಾಲೆಯ ಭೌತಶಾಸ್ತ್ರದ ಮಿಸ್ ಮಕ್ಕಳಿಗೆಲ್ಲ ಒಂದು ಪ್ರಾಜೆಕ್ಟ್ ಕೊಟ್ಟರು. ಏನನ್ನಾದರೂ ಅಳೆಯುವ ಒಂದು ಸಾಧನವನ್ನು ತಾವೇ ಕೈಯಾರೆ ಮಾಡಿ, ಅಳೆದು, ಬರೆದು ತರಬೇಕು.

ಮಕ್ಕಳಿಗೆ ಕೊಟ್ಟ ಪ್ರಾಜೆಕ್ಟಿನ ಮೇಲೆ ಅಪ್ಪಂದಿರು ಮುಗಿಬಿದ್ದರು. ಮೂಲೆಮನೆಯ ಟರ್ನರ್ ಮಗನಿಗಾಗಿ ನ್ಯೂ ಟೌನಿನ ಲೇತ್ ಅಂಗಡಿಗೆ ಹೋಗಿ ಹಿತ್ತಾಳೆಯ ಮಾಪಕವೊಂದನ್ನು ಕಡೆದು ತಂದ. ಎದುರುಸಾಲಿನ ವೆಲ್ಡರ್ ಗಾಳಿಯ ವೇಗ ಅಳೆಯುವ ಯಂತ್ರವನ್ನು ಎಷ್ಟು ಗಟ್ಟಿಯಾಗಿ ಮಾಡಿದನೆಂದರೆ ಅದನ್ನು ತಿರುಗಿಸಲು ಬಿರುಗಾಳಿಯೇ ಬರಬೇಕಿತ್ತು. ಅಪ್ಪಂದಿರ ಕೈಗೆ ಮತ್ತೆ ಕೆಲಸ ಸಿಕ್ಕಿತ್ತು. ಮಕ್ಕಳು ಪಕ್ಕದಲ್ಲಿ ನಿಂತು ಸ್ಪ್ಯಾನರ್ ಎತ್ತಿಕೊಡುತ್ತಿದ್ದವು.

ನನ್ನ ಮಗಳು ಮಾತ್ರ ನನ್ನನ್ನು ಹತ್ತಿರ ಬಿಟ್ಟುಕೊಳ್ಳಲಿಲ್ಲ. ಅವಳು ಮಾಡಲು ಹೊರಟದ್ದು ತಕ್ಕಡಿ. ಎಳನೀರು ಅಂಗಡಿಯಿಂದ ತಂದ ಒಂದು ಸ್ಟ್ರಾ, ಅದರ ಒಂದು ತುದಿಗೆ ಭಾರಕ್ಕೊಂದು ಸ್ಕ್ರೂ, ಇನ್ನೊಂದು ತುದಿಯನ್ನು ಚಮಚದ ಹಾಗೆ ಓರೆಯಾಗಿ ಕತ್ತರಿಸಿದ್ದು. ಸ್ಟ್ರಾಕ್ಕೆ ಅಡ್ಡಲಾಗಿ ಚುಚ್ಚಿದ ಗುಂಡುಸೂಜಿಯ ಎರಡು ಕೊನೆಗಳು ಬಗ್ಗಿಸಿದ ಡಬ್ಬದ ತಗಡಿನ ಎರಡು ಅಂಚುಗಳ ಮೇಲೆ ಕೂರುತ್ತಿದ್ದವು. ಹಿಂದೆ ಒಂದು ರಟ್ಟು, ರಟ್ಟಿನ ಮೇಲೆ ಪೆನ್ಸಿಲಿನ ಗೆರೆಗಳು; ಸ್ಟ್ರಾದ ತುದಿಯೇ ಮುಳ್ಳು. ಇಷ್ಟೇ. ಇದರಲ್ಲಿ ಇರುವೆ ತೂಗುತ್ತೇನೆ ಎಂದಳು.

ಗುಂಡುಸೂಜಿ ಸ್ಟ್ರಾದ ಮೇಲಂಚಿನಲ್ಲಿ, ಓರೆಯಾಗಿ ತೂರಿಕೊಂಡಿತ್ತು. ಅದಕ್ಕೆ ಮೊದಲು ಅವಳು ಚುಚ್ಚಿ ನೋಡಿ ಬಿಟ್ಟ ಐದಾರು ತೂತುಗಳು ಅಲ್ಲೇ ಅಕ್ಕಪಕ್ಕದಲ್ಲಿದ್ದವು. ನನಗೆ ನೋಡಲಾಗಲಿಲ್ಲ.

"ಕೊಡೇ ಇಲ್ಲಿ, ನಡುವೆ ನೇರಕ್ಕೆ ಒಂದು ತೂತು ಹಾಕಿಕೊಡ್ತೀನಿ," ಎಂದೆ.

"ನೀನು ಮುಟ್ಟಬಾರದು ಅಪ್ಪ. ಸೊಟ್ಟಗಿದ್ರೂ ಪರವಾಗಿಲ್ಲ, ಎಷ್ಟು ಸೊಟ್ಟ ಅಂತ ನಮಗೆ ಗೊತ್ತಿದ್ರೆ ಸಾಕು ಅಂತ ಮಿಸ್ ಹೇಳಿದಾರೆ."

ಆದರೂ ಒಂದು ವಿಷಯಕ್ಕೆ ಅವಳು ನನ್ನ ಬಳಿಗೇ ಬರಬೇಕಾಯಿತು. ಗೆರೆಗಳಿಗೆ ಲೆಕ್ಕ ಕೂರಿಸಲು ಅವಳಿಗೆ ಗೊತ್ತಿರುವ ತೂಕ ಬೇಕಿತ್ತು. ಅಷ್ಟು ಸಣ್ಣ ತೂಕದ ಬಟ್ಟು ಯಾವ ಅಂಗಡಿಯಲ್ಲಿ ಸಿಗುತ್ತದೆ? ನಾನು ಅವಳ ನೋಟ್‌ಬುಕ್ಕಿನ ಹಾಳೆ ಹಿಡಿದು, ಕಾಗದದವರ ಭಾಷೆಯಲ್ಲಿ ಇದು ಎಷ್ಟು ಜಿಎಸ್‌ಎಂ, ಅಂದರೆ ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ಎಂದು ಹೇಳಿಕೊಟ್ಟೆ: ಎಪ್ಪತ್ತು. ಅವಳು ತಟ್ಟನೆ ಲೆಕ್ಕ ಹಾಕಿದಳು. ಒಂದು ಸೆಂಟಿಮೀಟರ್ ಚೌಕದ ತುಂಡಿಗೆ ಏಳು ಮಿಲಿಗ್ರಾಂ. ಕತ್ತರಿ ಹಿಡಿದು ಕೂತು ಕಾಗದದ ಚೌಕಗಳನ್ನೇ ಬಟ್ಟು ಮಾಡಿಕೊಂಡಳು. ಜೀವಮಾನವಿಡೀ ಟನ್ನುಗಟ್ಟಲೆ ಕಾಗದ ನೋಡಿದ್ದ ನನಗೆ ಅದು ಹೊಳೆದಿರಲಿಲ್ಲ. ಅವತ್ತು ಖುಷಿಗೆ ಜಗಲಿಯಲ್ಲಿ ಕೂತವರಿಗೆಲ್ಲ ಅದನ್ನು ಹೇಳಿಕೊಂಡು ಬಂದೆ.

ಮೂರು ವಾರದ ಸಂಜೆಗಳಲ್ಲಿ ನಮ್ಮ ಮನೆಯಲ್ಲಿ ಫ್ಯಾನ್ ಇಲ್ಲ, ಕಿಟಕಿ ತೆರೆಯುವಂತಿಲ್ಲ, ಗಟ್ಟಿಯಾಗಿ ಸೀನುವಂತಿಲ್ಲ. ಸತ್ತ ಇರುವೆ, ಮಲ್ಲಿಗೆಯ ಎಸಳು, ಅಮ್ಮನ ಉದ್ದ ಕೂದಲು, ಸೊಳ್ಳೆ ಎಲ್ಲ ತೂಕಕ್ಕೆ ಬಂದವು. ಒಂದೊಂದನ್ನೂ ಹತ್ತು ಸಲ ಇಟ್ಟು ತೆಗೆದು ಬರೆಯುತ್ತಿದ್ದಳು. ಮೂಗಿನ ತುದಿಯ ಬೆವರನ್ನು ಒರೆಸಿಕೊಳ್ಳಲೂ ಕೈ ಎತ್ತುತ್ತಿರಲಿಲ್ಲ. "ಮುಂದೆ ಸೈನ್ಸ್ ತಗೊಂಡು ಫಿಸಿಕ್ಸೇ ಓದ್ತೀನಿ," ಎಂದು ಅವಳು ಹೇಳಿದ್ದು ಆ ದಿನಗಳಲ್ಲೇ.

ಶಾಲೆಯಿಂದ ಅವಳ ತಕ್ಕಡಿ ಶಿವಮೊಗ್ಗದ ವಿಜ್ಞಾನ ಪ್ರದರ್ಶನಕ್ಕೆ ಆಯ್ಕೆಯಾಯಿತು. ಟರ್ನರನ ಹಿತ್ತಾಳೆಯದೂ ಹೋಯಿತು, ಆ ಮಾತು ಬೇರೆ.

ಹೊರಡುವ ದಿನ ಬೆಳಿಗ್ಗೆ ಅವಳು ಅಮ್ಮನ ಮುಂದೆ ಜಡೆಗೆ ಕೂತಿದ್ದಳು. ತಕ್ಕಡಿಯನ್ನು ಬೂಟಿನ ಡಬ್ಬಿಯಲ್ಲಿ ಇಡುವ ಕೆಲಸ ನನ್ನ ಪಾಲಿಗೆ ಬಂತು. ಎತ್ತಿ ನೋಡಿದೆ. ಆ ಓರೆ ಸೂಜಿ ಕಣ್ಣಿಗೆ ಚುಚ್ಚಿತು. ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್‌ಗೆ ಮೊದಲು ನಾವು ಯಂತ್ರವನ್ನು ಹಾಗೇ ಬಿಡುತ್ತಿದ್ದೆವೇ? ಅಲೈನ್‌ಮೆಂಟ್ ನೋಡದೆ ಯಾವ ಫಿಟ್ಟರ್ ಕೈ ತೊಳೆದುಕೊಳ್ಳುತ್ತಾನೆ? ಅವಳೇ ಮೊದಲು ಚುಚ್ಚಿ ಬಿಟ್ಟಿದ್ದ ಒಂದು ತೂತು ಸ್ಟ್ರಾದ ನಟ್ಟನಡುವೆ ಇತ್ತು. ಸೂಜಿ ಕಿತ್ತು ಅದಕ್ಕೆ ಹಾಕಿದೆ. ಸ್ಕ್ರೂವನ್ನು ಒಂದಿಷ್ಟು ತಿರುಗಿಸಿ, ಮುಳ್ಳು ಸೊನ್ನೆಯ ಗೆರೆಗೆ ನಿಲ್ಲುವಂತೆ ಮಾಡಿದೆ. ಎರಡು ನಿಮಿಷದ ಕೆಲಸ. ಡಬ್ಬಿ ಮುಚ್ಚಿದಾಗ ಮನಸ್ಸಿಗೆ ಎಂಥ ನೆಮ್ಮದಿ ಎನಿಸಿತ್ತು. ಅವಳಿಗೆ ಹೇಳಲಿಲ್ಲ. ಹೇಳಿದ್ದರೆ ಬೈಯುತ್ತಿದ್ದಳು.

ಪ್ರದರ್ಶನ ಆಲ್ಕೊಳ ಸರ್ಕಲ್‌ನಿಂದ ಸ್ವಲ್ಪ ದೂರದ ಒಂದು ಶಾಲೆಯಲ್ಲಿತ್ತು. ಅಪ್ಪ ಅಮ್ಮಂದಿರಿಗೆ ಹಗ್ಗ ಕಟ್ಟಿ ಆಚೆ ನಿಲ್ಲಿಸಿದ್ದರು. ಅಲ್ಲಿ ನಿಂತು ನಾನು ಟರ್ನರನ ಕಾಲೆಳೆಯತೊಡಗಿದೆ.

"ನಿನ್ನ ಹಿತ್ತಾಳೆಗೆ ಫಸ್ಟ್ ಬಂದ್ರೆ ಸರ್ಟಿಫಿಕೇಟಲ್ಲಿ ಯಾರ ಹೆಸರು ಬರೀಬೇಕು ಮಾರಾಯ? ನಮ್ಮದು ನೋಡು, ನಾನು ಬೆರಳೂ ಸೋಕಿಸಿಲ್ಲ."

ಸುತ್ತಲಿದ್ದವರಿಗೂ ಕೇಳುವಷ್ಟು ಗಟ್ಟಿಯಾಗಿಯೇ ಹೇಳಿದೆ. ಟರ್ನರ್ ಪೆಚ್ಚಾಗಿ ನಕ್ಕ.

ತೀರ್ಪುಗಾರರು ವಯಸ್ಸಾದವರು, ಕಾಲೇಜಿನಲ್ಲಿ ಪಾಠ ಮಾಡುವವರಂತೆ ಕಂಡರು. ಮಗಳ ಟೇಬಲ್ಲಿಗೆ ಬಂದು ನೋಟ್‌ಬುಕ್ ತಿರುವಿ, "ಬಹಳ ಚೆನ್ನಾಗಿದೆಯಲ್ಲ," ಎಂದರು. ನನ್ನ ಎದೆ ಉಬ್ಬಿತು. ಆಮೇಲೆ, "ಎಲ್ಲಿ, ಎರಡು ಚೌಕ ಇಟ್ಟು ತೋರಿಸು," ಎಂದರು. ಮಗಳು ಚಿಮಟದಲ್ಲಿ ಕಾಗದದ ತುಂಡು ಎತ್ತಿ ಇಟ್ಟಳು. ಮುಳ್ಳು ಗೆರೆಗಳನ್ನೆಲ್ಲ ದಾಟಿ ಪೂರಾ ಕೆಳಕ್ಕೆ ಬಿತ್ತು. ತೆಗೆದು ಒಂದೇ ಚೌಕ ಇಟ್ಟಳು. ಆಗಲೂ ಬಿತ್ತು. ಇರುವೆ ಇಟ್ಟಳು. ಆಗಲೂ ಅಷ್ಟೇ.

ಹಗ್ಗದ ಆಚೆ ನಿಂತಿದ್ದ ನನಗೆ ಆ ಕ್ಷಣದಲ್ಲೇ ಅರ್ಥವಾಯಿತು. ಸೂಜಿ ಮೇಲಂಚಿನಲ್ಲಿದ್ದು, ಸ್ಟ್ರಾದ ಭಾರವೆಲ್ಲ ಅದರ ಕೆಳಗೆ ತೂಗುತ್ತಿದ್ದುದರಿಂದಲೇ ಮುಳ್ಳು ತೂಕಕ್ಕೆ ತಕ್ಕಷ್ಟೇ ಇಳಿದು ನಿಲ್ಲುತ್ತಿತ್ತು. ಅದನ್ನು ಅವಳು ಐದಾರು ತೂತು ಚುಚ್ಚಿ ಕಂಡುಕೊಂಡಿದ್ದಳು. ನಡುವಿನದು ಅವಳು ಬೇಡವೆಂದು ಬಿಟ್ಟ ಮೊದಲ ತೂತು. ನನ್ನ ನೇರ ಕೆಲಸ ಅವಳ ಮೂರು ವಾರದ ಅಂಕಿಗಳನ್ನೆಲ್ಲ ಸುಳ್ಳು ಮಾಡಿತ್ತು.

"ಇದರಲ್ಲಿ ಇಷ್ಟು ರೀಡಿಂಗ್ ಬರೋಕೆ ಸಾಧ್ಯ ಇಲ್ಲವಲ್ಲಮ್ಮ," ಎಂದರು ಅವರು, ಜೋರು ಮಾಡದೆ. "ಮನೇಲಿ ಕೂತು ಬರೆದದ್ದಾ?"

"ಇಲ್ಲ ಸಾರ್, ನೋಡೇ ಬರೆದಿದ್ದು," ಎಂದಳು. ಮತ್ತೆ ಚೌಕ ಇಟ್ಟಳು. ಕಣ್ಣು ಮುಳ್ಳಿನ ಮೇಲೇ ಇತ್ತು, ಸೂಜಿಯ ಕಡೆ ಹೋಗಲಿಲ್ಲ.

ಅವರು ಪಕ್ಕದಲ್ಲಿದ್ದ ಮಿಸ್ ಕಡೆಗೆ ತಿರುಗಿ, "ಮಾಡೆಲ್ ಕೆಟ್ಟರೂ ಚಿಂತೆಯಿಲ್ಲ, ಮಕ್ಕಳಿಗೆ ಇಲ್ಲದ ಅಂಕಿ ಬರೆಯೋದು ಅಭ್ಯಾಸ ಮಾಡಿಸಬೇಡಿ," ಎಂದು ಮುಂದಕ್ಕೆ ಹೋದರು. ಮಿಸ್ ಮುಖ ಕಪ್ಪಿಟ್ಟಿತು. ಅವರು ಮಗಳನ್ನು ನೋಡಿದರು. ಮಗಳು ನನ್ನನ್ನು ನೋಡಿದಳು.

ಹಗ್ಗ ನನ್ನ ಸೊಂಟದ ಎತ್ತರಕ್ಕೂ ಇರಲಿಲ್ಲ. ದಾಟಿ ಹತ್ತು ಹೆಜ್ಜೆ ಹೋಗಿ, "ಸಾರ್, ಸೂಜಿ ನಾನು ಬದಲಾಯಿಸಿದ್ದು," ಎಂದಿದ್ದರೆ ಮುಗಿಯುತ್ತಿತ್ತು. ಸೂಜಿ ತೆಗೆದು ಹಳೆಯ ತೂತಿಗೆ ಹಾಕಿ, ಸ್ಕ್ರೂ ಹಿಂದಕ್ಕೆ ತಿರುಗಿಸಿದ್ದರೆ ಅಲ್ಲೇ ಪರೀಕ್ಷೆ ಆಗುತ್ತಿತ್ತು. ಆದರೆ ಪಕ್ಕದಲ್ಲಿ ಟರ್ನರ್ ನಿಂತಿದ್ದ. ಬೆರಳೂ ಸೋಕಿಸಿಲ್ಲ ಎಂದು ಅರ್ಧ ಗಂಟೆಯ ಹಿಂದೆ ಹೇಳಿದ್ದೆ. ನಾನು ಹಗ್ಗ ದಾಟಲಿಲ್ಲ. ಇದಕ್ಕಿಂತ ದೊಡ್ಡ ಕಾರಣ ಯಾವುದೂ ಇರಲಿಲ್ಲ ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೂ ನಿಜ ಅಷ್ಟೇ.

ಹೊರಡುವ ಮೊದಲು ಅವಳು ಸ್ಟ್ರಾವನ್ನು ಎರಡಾಗಿ ಮುರಿದು ಅಲ್ಲಿಯ ಕಸದ ಬುಟ್ಟಿಗೆ ಹಾಕಿದಳು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತವಳು ಭದ್ರಾವತಿ ಹತ್ತಿರವಾದಾಗ ಕೇಳಿದಳು:

"ಅಪ್ಪ, ನಾನು ಮನೇಲಿ ನೋಡುವಾಗ ನೀನೂ ಇದ್ದೆಯಲ್ಲ. ಮುಳ್ಳು ನಿಲ್ತಿತ್ತು ಅಲ್ವಾ?"

"ನಿಂತ ಹಾಗಿತ್ತಮ್ಮ," ಎಂದೆ. "ಸರಿಯಾಗಿ ನೆನಪಿಲ್ಲ."

ಮತ್ತೆ ಕಿಟಕಿಯ ಕಡೆ ತಿರುಗಿ, "ನನಗೆ ಬೇಕಾದ ಹಾಗೆ ನಾನೇ ನೋಡಿಕೊಂಡೆ ಅನ್ಸುತ್ತೆ," ಎಂದಳು. ನಾನು ಅದನ್ನೂ ಅಲ್ಲಗಳೆಯಲಿಲ್ಲ.

ರಿಸಲ್ಟ್ ಬಂದಾಗ ಅವಳಿಗೆ ಸೈನ್ಸಿಗೆ ಬೇಕಾದ್ದಕ್ಕಿಂತ ಹೆಚ್ಚೇ ಅಂಕಗಳಿದ್ದವು. ಪಿಯುಸಿ ಫಾರಂನಲ್ಲಿ ಕಾಮರ್ಸ್ ಎಂದು ತುಂಬಿದಳು. ಮಿಸ್ ಮನೆತನಕ ಬಂದು ಹೇಳಿ ನೋಡಿದರು. "ಪ್ರಾಕ್ಟಿಕಲ್ ನನ್ನ ಕೈಲಾಗಲ್ಲ ಮಿಸ್," ಎಂದಳು. ಅವರು ನನ್ನ ಮುಖ ನೋಡಿದರು, ಅಪ್ಪನಾದವನು ಏನಾದರೂ ಹೇಳಲಿ ಎಂದು. ಅವಳಿಷ್ಟ ಎಂದುಬಿಟ್ಟೆ.

ಈಗ ಅವಳು ಶಿವಮೊಗ್ಗದಲ್ಲೇ ಒಂದು ಆಸ್ಪತ್ರೆಯ ಕೌಂಟರಿನಲ್ಲಿ ಕೆಲಸ ಮಾಡುತ್ತಾಳೆ. ಮದುವೆಯಾಗಿದೆ, ಒಳ್ಳೆಯ ಹುಡುಗ. ಹೋದ ತಿಂಗಳು ಒಂದು ಭಾನುವಾರ ಅವರ ಮನೆಗೆ ಹೋಗಿದ್ದೆ. ಅಳಿಯ ಅಂಗಡಿಗೆ ಹೋಗಿದ್ದ. ಅವಳು ಅವರೆಕಾಯಿ ಸುಲಿಯುತ್ತ ಕೂತವಳು ಎರಡು ಸಲ ಎದ್ದು ಹೋಗಿ ಗ್ಯಾಸ್ ಆಫ್ ಆಗಿದೆಯಾ ಎಂದು ನೋಡಿ ಬಂದಳು. ಅವಳು ಆಫ್ ಮಾಡಿದ್ದನ್ನು ನಾನೇ ಕಂಡಿದ್ದೆ.

"ಆಫ್ ಇದೆ ಕಣೇ, ಎಷ್ಟು ಸಲ ನೋಡ್ತೀಯಾ?" ಎಂದೆ.

"ನನ್ನ ಕಣ್ಣಿನ ಮೇಲೆ ನನಗೆ ನಂಬಿಕೆ ಇಲ್ಲ ಅಪ್ಪ," ಎಂದು ನಕ್ಕಳು. "ಆಸ್ಪತ್ರೇಲೂ ಹೀಗೇ. ಪೇಷೆಂಟ್ ಹೆಸರು ಮೂರು ಮೂರು ಸಲ ಓದ್ತೀನಿ. ಎಲ್ಲಾರೂ ತಮಾಷೆ ಮಾಡ್ತಾರೆ. ಆ ತಕ್ಕಡಿ ಆದಾಗಿಂದ ಹೀಗೇ ಆಗಿದೀನಿ."

ಅವಳು ನಕ್ಕಿದ್ದರಿಂದಲೇ ನನಗೆ ತಡೆಯಲಾಗಲಿಲ್ಲ. ಹೇಳಿಬಿಟ್ಟೆ. ಜಡೆ ಹಾಕಿಸಿಕೊಳ್ಳುತ್ತಿದ್ದ ಹೊತ್ತು, ನಡುವಿನ ತೂತು, ಸ್ಕ್ರೂ, ಟರ್ನರ್, ಹಗ್ಗ, ಬಸ್ಸಿನಲ್ಲಿ ಹೇಳಿದ ಸುಳ್ಳು. ಒಂದನ್ನೂ ಬಿಡಲಿಲ್ಲ. ಅವಳು ಸುಲಿಯುವುದನ್ನು ನಿಲ್ಲಿಸಿರಲಿಲ್ಲ. ಬೈಯಲಿ ಎಂದು ಕಾದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಹಾಗಾದ್ರೆ ನನ್ನ ರೀಡಿಂಗ್ ಸರಿಯಿತ್ತಾ?" ಎಂದಳು.

"ಸರಿಯಿತ್ತಮ್ಮ. ಎಲ್ಲಾ ಸರಿಯಿತ್ತು."

"ಇರುವೆದು ಮೂರು ಮಿಲಿಗ್ರಾಂ, ಮಲ್ಲಿಗೆ ಎಸಳು ಒಂಬತ್ತು. ಅಮ್ಮನ ಕೂದಲು ನಾಲ್ಕು." ಒಂದೊಂದಾಗಿ ಹೇಳಿದಳು. ಒಂದೂ ಮರೆತಿರಲಿಲ್ಲ. "ಎಲ್ಲಾ ನಿಜವಾಗ್ಲೂ ನೋಡಿದ್ದಾ ನಾನು?"

ಹೌದೆಂದು ತಲೆಯಾಡಿಸಿದೆ. ಅವಳು ಮೊರವನ್ನು ಪಕ್ಕಕ್ಕಿಟ್ಟು, ಎರಡೂ ಕೈಗಳಲ್ಲಿ ಮುಖ ಮುಚ್ಚಿಕೊಂಡು, ಹತ್ತನೇ ಕ್ಲಾಸಿನ ಹುಡುಗಿಯ ಹಾಗೆ ಅತ್ತಳು. ಹತ್ತಿರ ಹೋಗಿ ತಲೆ ಸವರಬೇಕೆನಿಸಿತು. ಅವಳು ನೋಡದೆಯೇ ಬೇಡವೆಂದು ಕೈ ಅಡ್ಡ ಹಿಡಿದಳು.