ಮೈಕಣ್ಣನ ಬಾಯಿತಪ್ಪು

ಎಲ್ಲರೂ ಬಾಯಿಂದ ಉಣ್ಣುತ್ತಾರೆ. ಮೈಕಣ್ಣ ಬಾಯಿಂದಲೇ ದುಡಿದು ಉಣ್ಣುತ್ತಿದ್ದ. ಸಂಸದರು ಬದುಕಿದ್ದಷ್ಟು ಕಾಲ ಅವರ ಜೀಪಿನ ಮುಂದಿನ ಸೀಟಿನಲ್ಲಿ ಕೂತು, "ದಾರಿ ಬಿಡಿ, ಸಾಹೇಬರು ಬರ್ತಿದ್ದಾರೆ!" ಎಂದು ಮೈಕಿನಲ್ಲಿ ಊರು ತುಂಬ ಕೂಗಿದವನು ಅವನೇ. ಮಾತು ನಾಲಿಗೆಗೆ ಎಷ್ಟು ಅಂಟಿತ್ತೆಂದರೆ, ನಿದ್ದೆಗಣ್ಣಲ್ಲೂ ಹಾಗೇ ಕೂಗಿ ಹೆಂಡತಿಯಿಂದ ಬೈಸಿಕೊಂಡಿದ್ದುಂಟು.

ಆ ಸಾಹೇಬರು ಅವಧಿ ಮುಗಿಯುವ ಮೊದಲೇ ಎದೆನೋವೆಂದು ಮಲಗಿದವರು ಏಳಲಿಲ್ಲ. ಉಪಚುನಾವಣೆ ಬಂತು. ಪಕ್ಷದವರು ಅವರ ಹೆಂಡತಿಯನ್ನೇ ನಿಲ್ಲಿಸಿದರು. ಪಾಪ, ನಾಲ್ಕು ಜನರೆದುರು ನಾಲ್ಕು ಮಾತಾಡಿ ಗೊತ್ತಿಲ್ಲದ ಹೆಂಗಸು. ಕಣ್ಣೀರು ಆರುವ ಮೊದಲೇ ಕೊರಳಿಗೆ ಹಾರ ಬಿದ್ದಿತ್ತು.

ಪ್ರಚಾರದ ಮೊದಲ ದಿನವೇ ಮೈಕಣ್ಣ ರೂಢಿಯಂತೆ, "ಸಾಹೇಬರು ಬರ್ತಿದ್ದಾರೆ!" ಎಂದುಬಿಟ್ಟ.

"ಎಲ್ಲಿಂದಪ್ಪಾ, ಸ್ಮಶಾನದಿಂದ್ಲಾ?" ಎಂದು ಎದುರು ಪಕ್ಷದವನೊಬ್ಬ ಕೂಗಿದ. ಬೀದಿಯೆಲ್ಲ ನಕ್ಕಿತು.

ಪ್ರಚಾರದ ಉಸ್ತುವಾರಿ ಸಾಹೇಬರ ತಮ್ಮನದು. ಮೂಗಿನ ತುದಿಯಲ್ಲೇ ಕೋಪ. "ಇನ್ನೊಂದ್ಸಲ ಬಾಯಿ ತಪ್ಪಿದ್ರೆ ನಡುಬೀದೀಲಿ ಇಳಿಸ್ತೀನಿ. ಬಸ್ ಸ್ಟ್ಯಾಂಡಿನ ಕೆಲಸಾನೂ ಮರೆತುಬಿಡು," ಎಂದ.

ಬಸ್ ನಿಲ್ದಾಣದ ಮೈಕಿನ ಕೆಲಸ ಸಾಹೇಬರೇ ಮಾತು ಕೊಟ್ಟಿದ್ದು. ತಿಂಗಳ ಸಂಬಳ, ತಲೆಯ ಮೇಲೆ ನೆರಳು. ಕೂಗಿ ಕೂಗಿ ಗಂಟಲು ಒಡೆಯತೊಡಗಿದ್ದ ಮೈಕಣ್ಣನಿಗೆ ಬೇರೆ ಗತಿಯಿರಲಿಲ್ಲ. ಅಂದಿನಿಂದ ಅವನು ಪ್ರತಿ ಕೂಗಿಗೂ ಮೊದಲು ನಾಲಿಗೆ ಕಚ್ಚಿಕೊಂಡ. ಹೆದರಿಕೆಗೆ ಊಟ ಸೇರುತ್ತಿರಲಿಲ್ಲ.

ಕೊನೆಯ ದಿನ ಜೀಪು ಮಾರುಕಟ್ಟೆಯ ನಡುವೆ ನಿಂತಿತು. ಎಳ್ಳು ಹಾಕಿದರೆ ನೆಲಕ್ಕೆ ಬೀಳದಷ್ಟು ಜನ. ಮೈಕಣ್ಣ ಒಂದೂ ತಪ್ಪಿಲ್ಲದೆ ಕೂಗಿ ಮುಗಿಸಿ, ಬೆವರು ಒರೆಸಿಕೊಂಡು ಮೈಕನ್ನು ಆಕೆಯ ಕೈಗೆ ಕೊಟ್ಟ. ಗೆದ್ದೆ ಅಂದುಕೊಂಡ.

ಆಕೆ ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿದರು. ಆಮೇಲೆ ಜನರನ್ನು ಕಣ್ತುಂಬ ನೋಡಿ, ಮೊದಲ ಸಲ ನಕ್ಕು ಹೇಳಿದರು: "ಇಷ್ಟೊಂದು ಜನ ಬಂದಿದ್ದೀರಿ. ಮನೆಗೆ ಹೋದ ತಕ್ಷಣ ಯಜಮಾನ್ರಿಗೆ ಹೇಳ್ತೀನಿ. ತುಂಬಾ ಖುಷಿ ಪಡ್ತಾರೆ."

ಹೇಳಿದ ಮೇಲೆ ಗೊತ್ತಾಯಿತು. ಆಕೆಯ ಮುಖ ಬಿಳಿಚಿಕೊಂಡಿತು. ಹಿಂದಿನಿಂದ ಯಾರೋ ಕಿಸಕ್ಕೆಂದರು. ಮೊಬೈಲುಗಳು ಮೇಲೆದ್ದವು.

ಮೈಕಣ್ಣ ಆ ಮೊಬೈಲುಗಳನ್ನೂ ಆಕೆಯ ಮುಖವನ್ನೂ ನೋಡಿದ. ಆಕೆಯ ಕೈಯಿಂದ ಮೈಕು ಕಸಿದುಕೊಂಡು, ಇದ್ದಬದ್ದ ಉಸಿರೆಲ್ಲ ಹಾಕಿ ಕೂಗಿದ: "ದಾರಿ ಬಿಡಿ! ಸಾಹೇಬರು ಬರ್ತಿದ್ದಾರೆ!"

ಮಾರುಕಟ್ಟೆ ಬಿದ್ದು ಬಿದ್ದು ನಕ್ಕಿತು. ಮೊಬೈಲುಗಳೆಲ್ಲ ಅವನ ಕಡೆ ತಿರುಗಿದವು.

ಸಾಹೇಬರ ತಮ್ಮ ಅವನ ಕೊರಳಪಟ್ಟಿ ಹಿಡಿದು ಜೀಪಿನಿಂದ ಕೆಳಗೆಳೆದ. "ಅನ್ನಕ್ಕೆ ನೀನೇ ಮಣ್ಣು ಹಾಕ್ಕೊಂಡೆಯಲ್ಲೋ!"

"ರೂಢಿ ಸ್ವಾಮಿ. ತಪ್ಪಿಹೋಯ್ತು," ಎಂದ ಮೈಕಣ್ಣ.

ಜೀಪು ಹೊರಟಿತು. ಆಕೆ ಸೀಟಿನಿಂದ ಅರ್ಧ ಎದ್ದು ಹೇಳುತ್ತಿದ್ದುದು ಅವನಿಗೆ ಕೇಳಿಸಿತು: "ತಪ್ಪಿದ್ದು ಅವನಲ್ಲ, ನಾನು..."

"ಸುಮ್ನಿರಿ ಅತ್ತಿಗೆ. ಜನ ನೋಡ್ತಿದ್ದಾರೆ, ಕೈ ಬೀಸಿ."

ಆಕೆ ಕೈ ಬೀಸಿದರು.